ಗ್ರಂಥಾಲಯದ ಉಪನ್ಯಾಸ, ಕಪಾಟಿನ ಸಂಗ್ರಹ ಮತ್ತು ಪಾಡ್‌ಕಾಸ್ಟ್: ದಾವಣಗೆರೆ–ಚಿತ್ರದುರ್ಗದ ಗ್ರಂಥಪಾಲಕರಿಗೆ ಒಂದು ಮಾರ್ಗದರ್ಶಿ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಉಪನ್ಯಾಸಗಳಿಗೆ ಕೊರತೆಯಿಲ್ಲ. ದತ್ತಿ ಉಪನ್ಯಾಸ, ಪುಸ್ತಕ ಬಿಡುಗಡೆ, ಕವಿಗೋಷ್ಠಿ, ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹ ಎಂದು ವರ್ಷದಲ್ಲಿ ಹಲವು ಬಾರಿ ಸಭಾಂಗಣದ ಕುರ್ಚಿಗಳು ತುಂಬುತ್ತವೆ. ಆದರೆ ಮರುದಿನದ ಪತ್ರಿಕೆಯಲ್ಲಿ ಉಳಿಯುವುದು ವೇದಿಕೆಯ ಮೇಲೆ ಸಾಲಾಗಿ ನಿಂತವರ ಚಿತ್ರ ಮತ್ತು ಅಧ್ಯಕ್ಷತೆ ವಹಿಸಿದವರ ಹೆಸರು; ಉಪನ್ಯಾಸಕರು ತಿಂಗಳುಗಟ್ಟಲೆ ಓದಿ ಸಿದ್ಧಪಡಿಸಿಕೊಂಡು ಬಂದ ಮಾತು ಅಂದಿನ ಸಂಜೆಗೇ ಮುಗಿದುಹೋಗುತ್ತದೆ. ಮೊಳಕಾಲ್ಮೂರಿನ ನೇಕಾರರಿಗಾಗಲಿ, ಜಗಳೂರಿನ ಹಳ್ಳಿಯೊಂದರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗಿಗಾಗಲಿ ಅದನ್ನು ಕೇಳುವ ದಾರಿ ಇರುವುದಿಲ್ಲ.

ಈ ಕೊರತೆಯನ್ನು ಬೇರೆ ದೇಶಗಳ ಗ್ರಂಥಾಲಯಗಳು ಪಾಡ್‌ಕಾಸ್ಟ್ ಮೂಲಕ, ಅಂದರೆ ಅಂತರ್ಜಾಲದಲ್ಲಿ ಕಂತುಕಂತಾಗಿ ಬರುವ ಧ್ವನಿ ಸರಣಿಯ ಮೂಲಕ, ನೀಗಿಸಿಕೊಂಡಿವೆ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯವು ತನ್ನ ಸಭಾಂಗಣದಲ್ಲಿ ನಡೆದ ಲೇಖಕರ ಸಂವಾದಗಳನ್ನು 'ಲೈಬ್ರರಿ ಟಾಕ್ಸ್' ಎಂಬ ಸರಣಿಯಲ್ಲಿ ಹೊರತಂದಿದೆ. ವಾಷಿಂಗ್ಟನ್ನಿನ ಫೋಲ್ಜರ್ ಗ್ರಂಥಾಲಯ ಹಿಡಿದಿರುವ ದಾರಿ ಬೇರೆ: ಷೇಕ್ಸ್‌ಪಿಯರನಿಗೆ ಸಂಬಂಧಿಸಿದ ಅಪಾರ ಸಂಗ್ರಹವುಳ್ಳ ಆ ಸಂಸ್ಥೆ, ವಿದ್ವಾಂಸರು ಮತ್ತು ರಂಗಕರ್ಮಿಗಳೊಂದಿಗಿನ ಮಾತುಕತೆಯನ್ನು ಪ್ರತ್ಯೇಕವಾಗಿ ಧ್ವನಿಮುದ್ರಿಸಿ, ಅದರ ಲಿಖಿತ ಪಾಠವನ್ನೂ ಜೊತೆಗೆ ಕೊಡುತ್ತದೆ. ನಮ್ಮಲ್ಲಿ ಸಾಧ್ಯವಿರುವುದೂ ಇವೇ ಎರಡು ಬಗೆ. ಒಂದು ನಡೆದ ಉಪನ್ಯಾಸವನ್ನು ಉಳಿಸುವುದು, ಇನ್ನೊಂದು ಕಪಾಟಿನಲ್ಲಿರುವ ವಸ್ತುವಿನ ಸುತ್ತ ಹೊಸದಾಗಿ ಮಾತು ಕಟ್ಟುವುದು.

ಪಾಡ್‌ಕಾಸ್ಟ್ ಎಂದೊಡನೆ ಯಾವ ಮೈಕ್ ಕೊಳ್ಳಬೇಕು ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ಗ್ರಂಥಾಲಯದ ಮಟ್ಟಿಗೆ ಅದು ಮೊದಲ ಪ್ರಶ್ನೆಯಲ್ಲ ಎಂಬುದು ಈ ಬರಹದ ನಿಲುವು. ಪ್ರತಿಯೊಂದು ಕಂತನ್ನೂ ಗ್ರಂಥಾಲಯಕ್ಕೆ ಬಂದ ಹೊಸ ಪುಸ್ತಕವೆಂದೇ ಭಾವಿಸಿ, ಅದಕ್ಕೆ ಪರಿಗ್ರಹಣ ಸಂಖ್ಯೆ (ಸಂಗ್ರಹಕ್ಕೆ ಸೇರುವಾಗ ಕೊಡುವ ಕ್ರಮಸಂಖ್ಯೆ), ಸೂಚಿಯಲ್ಲಿ ನಮೂದು, ಹಕ್ಕಿನ ದಾಖಲೆ ಮತ್ತು ಇಡಲು ಒಂದು ಜಾಗ ಇರಬೇಕು. ಹೀಗೆ ನಡೆದುಕೊಂಡರೆ ಸಾಧಾರಣ ಮೊಬೈಲ್‌ನಲ್ಲಿ ಮುದ್ರಿಸಿದ ಧ್ವನಿಯೂ ಮೂವತ್ತು ವರ್ಷಗಳ ನಂತರ ಉಪಯೋಗಕ್ಕೆ ಬರುತ್ತದೆ. ನಡೆದುಕೊಳ್ಳದಿದ್ದರೆ ದುಬಾರಿ ಉಪಕರಣದಲ್ಲಿ ಮುದ್ರಿಸಿದ್ದೂ ಯಾರದೋ ಲ್ಯಾಪ್‌ಟಾಪ್ ಜೊತೆಗೆ ಕಳೆದುಹೋಗುತ್ತದೆ.

ಹೆಜ್ಜೆ 1: ಕಪಾಟು ನೋಡಿ ಸರಣಿ ನಿರ್ಧರಿಸುವುದು

ಸರಣಿಯ ವಿಷಯವನ್ನು ನಿರ್ಧರಿಸುವ ಮುನ್ನ ಒಂದು ಮಧ್ಯಾಹ್ನ ಸ್ಥಳೀಯ ಸಂಗ್ರಹದ ಕಪಾಟಿನ ಮುಂದೆ ಕೂರಬೇಕು. ದಾವಣಗೆರೆಯಲ್ಲಿ 1992ರಲ್ಲಿ, ಚಿತ್ರದುರ್ಗದಲ್ಲಿ 2009ರಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಗಳು ನಡೆದಿವೆ. ಇಂಥ ಸಂದರ್ಭಗಳ ಸ್ಮರಣ ಸಂಚಿಕೆಗಳಲ್ಲಿ ಊರಿನ ಇತಿಹಾಸದ ಕುರಿತು ಬೇರೆಲ್ಲೂ ಸಿಗದ ಲೇಖನಗಳಿರುತ್ತವೆ. ಹತ್ತಿ ಗಿರಣಿಗಳ ಕಾಲದ ದಾವಣಗೆರೆಯ ಕರಪತ್ರಗಳು, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ನಾಟಕ ಕಂಪನಿಯ ಹ್ಯಾಂಡ್‌ಬಿಲ್‌ಗಳು, ಹಳೆಯ ಜಿಲ್ಲಾ ಗೆಜೆಟಿಯರ್, ಶಾಸನ ಸಂಪುಟಗಳು, ಹೊಲಿದಿಟ್ಟ ಪತ್ರಿಕೆಯ ಕಡತಗಳು: ಇವುಗಳಲ್ಲಿ ನಿಮ್ಮಲ್ಲಿ ಯಾವುದಿದೆಯೋ ಅದರಿಂದ ಸರಣಿ ಹುಟ್ಟಬೇಕು.

ಒಂದು ಉದಾಹರಣೆಯನ್ನು ನೋಡೋಣ. ಶಾಸನತಜ್ಞ ಬಿ.ಎಲ್. ರೈಸ್ ಅವರು 1892ರಲ್ಲಿ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಉತ್ಖನನ ನಡೆಸಿದರು. ಈ ಎರಡು ವಾಕ್ಯಗಳನ್ನು ಯಾರು ಬೇಕಾದರೂ ಹೇಳಬಹುದು. ಗ್ರಂಥಾಲಯದ ಕಂತು ಬೇರೆಯಾಗುವುದು ಎಪಿಗ್ರಾಫಿಯಾ ಕರ್ನಾಟಿಕದ ಹನ್ನೊಂದನೆಯ ಸಂಪುಟವನ್ನು, ಅಂದರೆ ಅಂದಿನ ಚಿತಲ್‌ದ್ರೂಗ್ (ಚಿತ್ರದುರ್ಗ) ಜಿಲ್ಲೆಯ ಶಾಸನಗಳ ಸಂಪುಟವನ್ನು, ಮೇಜಿನ ಮೇಲೆ ತೆರೆದಿಟ್ಟುಕೊಂಡು ಒಬ್ಬ ಇತಿಹಾಸ ಅಧ್ಯಾಪಕರು ಅದರ ಪುಟವೊಂದನ್ನು ಓದುವ ಬಗೆಯನ್ನು ಕೇಳುಗರಿಗೆ ಹೇಳಿಕೊಟ್ಟಾಗ. ಕಂತು ಮುಗಿದ ಮೇಲೆ ಕೇಳುಗ ಬಂದು ಆ ಸಂಪುಟವನ್ನು ಕೇಳಿದರೆ ಅದನ್ನು ತೆಗೆದುಕೊಡುವಂತಿರಬೇಕು. ಹಾಗೆ ತೆಗೆದುಕೊಡಲು ಏನೂ ಇಲ್ಲದ ವಿಷಯವನ್ನು ಬೇರೆಯವರಿಗೆ ಬಿಡುವುದೇ ಲೇಸು.

ವಾರಕ್ಕೊಂದು ಕಂತು ಎಂದು ಘೋಷಿಸುವ ಅಗತ್ಯವಿಲ್ಲ. ಸಿಬ್ಬಂದಿ ಕಡಿಮೆಯಿರುವ ಗ್ರಂಥಾಲಯಕ್ಕೆ ವರ್ಷಕ್ಕೆ ಆರು ಅಥವಾ ಎಂಟು ಕಂತುಗಳ ಒಂದು ಮಾಲೆ ಸಾಕು. ಎಲ್ಲವನ್ನೂ ಮುದ್ರಿಸಿಕೊಂಡ ಮೇಲೆ ಮೊದಲನೆಯದನ್ನು ಬಿಡುಗಡೆ ಮಾಡಿದರೆ ನಡುವೆ ನಿಂತುಹೋಗುವ ಭಯವೂ ಇರುವುದಿಲ್ಲ.

ಹೆಜ್ಜೆ 2: ಒಪ್ಪಿಗೆ ಪತ್ರ

ಇಡೀ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಡುವ ಭಾಗ ಇದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾರ್ವಜನಿಕವಾಗಿ ಮಾಡಿದ ಭಾಷಣದ ಮೊದಲ ಹಕ್ಕುದಾರರು ಭಾಷಣ ಮಾಡಿದವರೇ. ಧ್ವನಿಮುದ್ರಣದ ಹಕ್ಕು ಮುದ್ರಣಕ್ಕೆ ಏರ್ಪಾಡು ಮಾಡಿದ ಸಂಸ್ಥೆಗೆ ಬರುತ್ತದೆಯಾದರೂ ಒಳಗಿನ ಮಾತಿನ ಹಕ್ಕು ಅದರಿಂದ ವರ್ಗವಾಗುವುದಿಲ್ಲ. ಆದ್ದರಿಂದ ಸಭಾಂಗಣ ನಮ್ಮದು, ಗೌರವಧನ ಕೊಟ್ಟಿದ್ದೇವೆ, ಶಾಲು ಹೊದಿಸಿದ್ದೇವೆ ಎಂಬ ಕಾರಣಕ್ಕೆ ಉಪನ್ಯಾಸವನ್ನು ಪ್ರಸಾರ ಮಾಡುವಂತಿಲ್ಲ.

ಬಾಯಿಮಾತಿನ ಒಪ್ಪಿಗೆಯೂ ಸಾಲದು. ಹಕ್ಕಿನ ವರ್ಗಾವಣೆಯಾಗಲಿ ಪರವಾನಗಿಯಾಗಲಿ ಲಿಖಿತವಾಗಿರಬೇಕೆಂದು ಕಾಯ್ದೆ ಹೇಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ, ಒಂದು ವರ್ಷದೊಳಗೆ ಬಳಸಿಕೊಳ್ಳದಿದ್ದರೆ ಬೇರೆ ರೀತಿ ಬರೆದಿಲ್ಲದ ಪಕ್ಷದಲ್ಲಿ ರದ್ದಾಯಿತು ಎಂದೂ ಕಾಯ್ದೆ ಭಾವಿಸುತ್ತದೆ. ಪಾಡ್‌ಕಾಸ್ಟ್ ಅಂತರ್ಜಾಲದಲ್ಲಿರುವುದರಿಂದ ಜಗತ್ತಿನ ಎಲ್ಲೆಡೆ ಕೇಳಿಸುತ್ತದೆ, ಗ್ರಂಥಾಲಯವೋ ಅದನ್ನು ಶಾಶ್ವತವಾಗಿ ಇಟ್ಟುಕೊಳ್ಳಲು ಬಯಸುತ್ತದೆ. 'ಪ್ರಸಾರಕ್ಕೆ ನನ್ನ ಒಪ್ಪಿಗೆ ಇದೆ' ಎಂಬ ಒಂದೇ ಸಾಲಿನ ಪತ್ರ ಈ ಎರಡಕ್ಕೂ ಸಾಲುವುದಿಲ್ಲ. ಕೆಳಗಿನ ಒಕ್ಕಣೆಯನ್ನು ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಂಡು, ಸಾಧ್ಯವಾದರೆ ಒಬ್ಬ ವಕೀಲರಿಗೆ ತೋರಿಸಿ ಬಳಸಬಹುದು.

'ಈ ದಿನಾಂಕದಂದು ಈ ಗ್ರಂಥಾಲಯದಲ್ಲಿ ನಾನು ಮಾಡುವ ಉಪನ್ಯಾಸವನ್ನು ಧ್ವನಿಮುದ್ರಿಸಲು, ಸಂಪಾದಿಸಲು, ಅದರ ಲಿಖಿತ ಪಾಠವನ್ನು ಸಿದ್ಧಪಡಿಸಲು ಮತ್ತು ಇವೆರಡನ್ನೂ ಅಂತರ್ಜಾಲ, ಆಕಾಶವಾಣಿ ಹಾಗೂ ಗ್ರಂಥಾಲಯದ ಒಳಗಿನ ಬಳಕೆಯ ಮೂಲಕ ಉಚಿತವಾಗಿ ತಲುಪಿಸಲು ಗ್ರಂಥಾಲಯಕ್ಕೆ ಅನುಮತಿ ನೀಡಿದ್ದೇನೆ. ಈ ಅನುಮತಿಯು ಜಗತ್ತಿನ ಎಲ್ಲ ಪ್ರದೇಶಗಳಿಗೂ, ಕೃತಿಸ್ವಾಮ್ಯದ ಪೂರ್ಣ ಅವಧಿಗೂ ಅನ್ವಯಿಸುತ್ತದೆ. ಒಂದು ವರ್ಷದೊಳಗೆ ಬಳಸದಿದ್ದರೂ ಊರ್ಜಿತವಾಗಿರುತ್ತದೆ. ಉಪನ್ಯಾಸವನ್ನು ಪುಸ್ತಕವಾಗಿ ಪ್ರಕಟಿಸುವುದೂ ಸೇರಿದಂತೆ ಉಳಿದೆಲ್ಲ ಹಕ್ಕುಗಳು ನನ್ನಲ್ಲೇ ಇರುತ್ತವೆ.'

ಕೊನೆಯ ವಾಕ್ಯವನ್ನು ಬಿಡಬಾರದು. ಉಪನ್ಯಾಸವನ್ನು ಮುಂದೆ ಪುಸ್ತಕದಲ್ಲಿ ಸೇರಿಸಿಕೊಳ್ಳುವ ಆಲೋಚನೆಯಿರುವ ಲೇಖಕರು ಅದನ್ನು ಓದಿದ ಮೇಲೆ ನಿಶ್ಚಿಂತೆಯಿಂದ ಸಹಿ ಹಾಕುತ್ತಾರೆ. ಸಹಿಯನ್ನು ಕಾರ್ಯಕ್ರಮಕ್ಕೆ ಮೊದಲೇ ಪಡೆಯಬೇಕು; ಊಟದ ಹೊತ್ತಿನಲ್ಲಿ, ಅವರು ಬಸ್ಸಿಗೆ ಹೊರಟು ನಿಂತಾಗ ಕಾಗದ ಮುಂದಿಡುವುದು ಸಭ್ಯತೆಯಲ್ಲ.

ಪುಸ್ತಕ ಓದುವ ಕಂತುಗಳ ಲೆಕ್ಕವೇ ಬೇರೆ. ನಮ್ಮಲ್ಲಿ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ ಅರವತ್ತು ವರ್ಷಗಳವರೆಗೆ ಕೃತಿಸ್ವಾಮ್ಯ ಇರುತ್ತದೆ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಟಿ.ಎಸ್. ವೆಂಕಣ್ಣಯ್ಯನವರು 1939ರಲ್ಲಿ ನಿಧನರಾದ್ದರಿಂದ ಅವರ ಬರಹಗಳು ಈಗ ಎಲ್ಲರಿಗೂ ಮುಕ್ತವಾಗಿವೆ. ಅದೇ ಮನೆತನದ ತ.ರಾ.ಸು. ಅವರು ನಿಧನರಾದದ್ದು 1984ರಲ್ಲಿ; ದುರ್ಗದ ಜನ ಎಷ್ಟೇ ತಮ್ಮವೆಂದುಕೊಂಡರೂ ಅವರ ಕಾದಂಬರಿಗಳು 2044ರ ಕೊನೆಯವರೆಗೆ ಕೃತಿಸ್ವಾಮ್ಯದಲ್ಲಿರುತ್ತವೆ. ಅವುಗಳ ಬಗ್ಗೆ ಮಾತನಾಡಬಹುದು, ವಿಮರ್ಶೆಯ ನಡುವೆ ಕೆಲವು ಸಾಲುಗಳನ್ನು ಉದ್ಧರಿಸಬಹುದು, ಆದರೆ ಅಧ್ಯಾಯಗಳನ್ನು ಓದಿ ಹಾಕಬೇಕಾದರೆ ಹಕ್ಕುದಾರರ ಅನುಮತಿ ಬೇಕು. ವಚನಗಳ ವಿಷಯದಲ್ಲಿ ಹನ್ನೆರಡನೆಯ ಶತಮಾನದ ಪಾಠಕ್ಕೆ ಹಕ್ಕಿನ ತೊಡಕಿಲ್ಲವಾದರೂ ಆಧುನಿಕ ಸಂಪಾದಕರ ಪ್ರಸ್ತಾವನೆ, ಟಿಪ್ಪಣಿ ಮತ್ತು ವ್ಯಾಖ್ಯಾನಗಳಿಗೆ ಇದೆ ಎಂಬುದನ್ನು ಮರೆಯಬಾರದು.

ಜನಪದ ಹಾಡುಗಾರರಿಗೂ ಹಕ್ಕಿದೆ. ಹಾಡಿಗೆ ಕರ್ತೃ ಇಲ್ಲದಿರಬಹುದು. ಆದರೆ ಹಾಡಿದವರಿಗೆ ಪ್ರದರ್ಶಕರ ಹಕ್ಕು ಐವತ್ತು ವರ್ಷಗಳ ಕಾಲ ಇರುತ್ತದೆ. ಓದು ಬಾರದ ಹಾಡುಗಾರ್ತಿಗೆ ಪತ್ರವನ್ನು ಓದಿ ಹೇಳಿ, ಅವರ ಒಪ್ಪಿಗೆಯನ್ನು ಅವರದೇ ಧ್ವನಿಯಲ್ಲಿ ಮುದ್ರಿಸಿಕೊಂಡು, ಹೆಬ್ಬೆಟ್ಟಿನ ಗುರುತನ್ನೂ ಪಡೆಯಬೇಕು. ಕಾಡುಗೊಲ್ಲರ ಜುಂಜಪ್ಪನ ಕಾವ್ಯದಂಥ ಪರಂಪರೆಗಳಲ್ಲಿ ಹಾಡು ದೈವಕ್ಕೆ ಸೇರಿದ್ದು. ಹೊರಗಿನವರು ಯಾವಾಗ ಬೇಕಾದರೂ ಕೇಳಬಹುದಾದ ಭಾಗ ಯಾವುದು, ಹಟ್ಟಿಯ ಆಚರಣೆಯಲ್ಲಷ್ಟೇ ಹಾಡಬೇಕಾದ ಭಾಗ ಯಾವುದು ಎಂಬುದನ್ನು ಹಟ್ಟಿಯ ಹಿರಿಯರನ್ನೇ ಕೇಳಿ ತಿಳಿಯಬೇಕು. ಕಾನೂನು ಇಷ್ಟನ್ನು ಕೇಳದಿರಬಹುದು, ನಾಳೆ ಮತ್ತೆ ಆ ಹಟ್ಟಿಗೆ ಹೋಗಬೇಕಾದವರು ಕೇಳಲೇಬೇಕು. ಮಕ್ಕಳ ಧ್ವನಿಯಿದ್ದರೆ ತಂದೆ ಅಥವಾ ತಾಯಿಯ ಲಿಖಿತ ಒಪ್ಪಿಗೆಯಿಲ್ಲದೆ ಮುಂದುವರಿಯಬಾರದು. ಆರಂಭಕ್ಕೆ ಸಿನಿಮಾ ಹಾಡಿನ ತುಣುಕನ್ನು ಹಾಕುವ ಆಸೆಯನ್ನು ಪೂರ್ತಿ ಬಿಟ್ಟುಬಿಡಬೇಕು. ಸರ್ಕಾರಿ ಗ್ರಂಥಾಲಯವಾದರೆ ಇವೆಲ್ಲಕ್ಕೂ ಮೊದಲು ಮೇಲಧಿಕಾರಿಗಳ ಲಿಖಿತ ಅನುಮತಿಯನ್ನು ಕಡತಕ್ಕೆ ಸೇರಿಸಿಕೊಳ್ಳಬೇಕು.

ಹೆಜ್ಜೆ 3: ಧ್ವನಿಮುದ್ರಣ

ಸಭಾಂಗಣದ ಧ್ವನಿವರ್ಧಕದ ಎದುರು ಮೊಬೈಲ್ ಇಟ್ಟು ಮುದ್ರಿಸಿದ ಉಪನ್ಯಾಸವನ್ನು ಯಾರೂ ಐದು ನಿಮಿಷಕ್ಕಿಂತ ಹೆಚ್ಚು ಕೇಳುವುದಿಲ್ಲ. ಉಪನ್ಯಾಸಕರ ಅಂಗಿಗೆ ಅಥವಾ ಸೀರೆಯ ಸೆರಗಿಗೆ ಸಿಕ್ಕಿಸುವ ಕಾಲರ್ ಮೈಕ್ ಒಂದನ್ನು ಮೊಬೈಲಿಗೋ ಚಿಕ್ಕ ರೆಕಾರ್ಡರಿಗೋ ಜೋಡಿಸಿ, ಸಭೆಯ ಮೈಕ್ ವ್ಯವಸ್ಥೆಯಿಂದ ಸ್ವತಂತ್ರವಾಗಿ ಮುದ್ರಿಸುವುದು ಅತ್ಯಂತ ಸುಲಭದ ದಾರಿ. ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿರಲಿ. ಪರದೆಯ ಮೇಲೆ ಧ್ವನಿಯ ಮಟ್ಟ ಸಾಮಾನ್ಯವಾಗಿ ಮೈನಸ್ 12 ಡೆಸಿಬಲ್ ಸುತ್ತಮುತ್ತ ಆಡುತ್ತಿರಲಿ. ಸೊನ್ನೆಯನ್ನು ಮುಟ್ಟಿ ಒಡೆದ ಧ್ವನಿಯನ್ನು ಯಾವ ತಂತ್ರಾಂಶವೂ ಪೂರ್ತಿಯಾಗಿ ಸರಿಪಡಿಸಲಾರದು. ರೆಕಾರ್ಡರ್ ಬ್ಯಾಟರಿಯ ಮೇಲೆಯೇ ನಡೆಯಲಿ, ಏಕೆಂದರೆ ವಿದ್ಯುತ್ ಕೈಕೊಡುವುದು ಸಾಮಾನ್ಯವಾಗಿ ಉಪನ್ಯಾಸದ ನಡುವೆಯೇ.

ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿ ಎಂದು ಸಭಿಕರಿಗೆ ಹೇಳುವಂತಿಲ್ಲ. ವೇದಿಕೆಯ ಮೇಲಿನ ಒಂದು ಫ್ಯಾನನ್ನಾದರೂ ನಿಲ್ಲಿಸಿದರೆ ಸಾಕಷ್ಟು ವ್ಯತ್ಯಾಸವಾಗುತ್ತದೆ. ಇಬ್ಬರು ಮೂವರು ಕುಳಿತು ಮಾತನಾಡುವ ಕಂತಿಗೆ ಸಭಾಂಗಣವೇ ಬೇಡ. ಎರಡೂ ಬದಿಗೆ ಪುಸ್ತಕ ತುಂಬಿದ ಕಪಾಟುಗಳಿರುವ ಮೂಲೆಯಲ್ಲಿ ಪ್ರತಿಧ್ವನಿ ಬಹಳ ಕಡಿಮೆ. ಸ್ಟುಡಿಯೊ ಕಟ್ಟಲು ಅನುದಾನ ಬೇಡುವ ಮುನ್ನ ಆ ಮೂಲೆಯಲ್ಲಿ ಒಮ್ಮೆ ಕುಳಿತು ನೋಡಬೇಕು. ಕೋಟೆಯಲ್ಲಾಗಲಿ ಚಂದ್ರವಳ್ಳಿಯಲ್ಲಾಗಲಿ ಹೊರಗೆ ಮುದ್ರಿಸುವುದಾದರೆ ಗಾಳಿಯದೇ ದೊಡ್ಡ ಕಾಟ. ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲೇ ನಿಂತಿರುವ ಜಿಲ್ಲೆಯಲ್ಲಿ ಮೈಕಿಗೆ ತುಪ್ಪಳದ ಹೊದಿಕೆಯಿಲ್ಲದೆ ಹೊರಡಬಾರದು, ಆಷಾಢದಲ್ಲಂತೂ ಹೊರಾಂಗಣ ಮುದ್ರಣವನ್ನು ಮುಂದೂಡುವುದೇ ಮೇಲು.

ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಹಾರ ತುರಾಯಿ, ವೇದಿಕೆಯ ಮೇಲಿನ ಪ್ರತಿಯೊಬ್ಬ ಗಣ್ಯರಿಗೂ ಹೆಸರು ಹಿಡಿದು ಸಲ್ಲಿಸುವ ವಂದನೆ, ಇವೆಲ್ಲ ನಮ್ಮ ಸಭಾಮರ್ಯಾದೆಯ ಭಾಗ. ಪೂರ್ಣ ಮುದ್ರಣದಲ್ಲಿ ಇವನ್ನು ಹಾಗೆಯೇ ಉಳಿಸಿಕೊಳ್ಳಬೇಕು, ಬಿಡುಗಡೆಯಾಗುವ ಕಂತಿನಲ್ಲಿ ಬಿಡಬೇಕು. ಅಧ್ಯಕ್ಷರಿಗೆ ಬೇಸರವಾಗದಂತೆ ಇದನ್ನು ಮೊದಲೇ ತಿಳಿಸಿದರೆ ಒಳ್ಳೆಯದು. ಸಭಿಕರು ಕೇಳಿದ ಪ್ರಶ್ನೆ ಮುದ್ರಣದಲ್ಲಿ ಕೇಳಿಸುವುದಿಲ್ಲವಾದ್ದರಿಂದ, ಉತ್ತರಿಸುವ ಮುನ್ನ ಪ್ರಶ್ನೆಯನ್ನು ಒಮ್ಮೆ ತಾವೇ ಹೇಳುವಂತೆ ಉಪನ್ಯಾಸಕರನ್ನು ಕೋರಬೇಕು.

ಸಂರಕ್ಷಣೆಯ ಪ್ರತಿಯನ್ನು ವೇವ್ (ಧ್ವನಿಯನ್ನು ಕುಗ್ಗಿಸದೆ ಇಡುವ ಕಡತ) ಮಾದರಿಯಲ್ಲಿ, 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಮುದ್ರಿಸುವುದು ಧ್ವನಿ ಸಂಗ್ರಹಾಲಯಗಳ ರೂಢಿ. ಒಂದೇ ವಾಹಿನಿಯಾದರೆ (ಮೊನೊ) ಒಂದು ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ. ಇಂದಿನ ಹಾರ್ಡ್‌ಡಿಸ್ಕ್‌ಗಳ ಲೆಕ್ಕದಲ್ಲಿ ಅದು ಭಾರವಲ್ಲ.

ಹಳೆಯ ಕ್ಯಾಸೆಟ್‌ಗಳು

ಬೀರುವಿನಲ್ಲಿ ಹಳೆಯ ಉಪನ್ಯಾಸಗಳ ಕ್ಯಾಸೆಟ್‌ಗಳಿದ್ದರೆ, ಅಥವಾ ಊರಿನ ಮನೆಗಳಿಂದ ಯಾರಾದರೂ ತಂದುಕೊಟ್ಟರೆ, ಹೊಸ ಕಂತುಗಳಿಗಿಂತ ಮೊದಲು ಅವನ್ನು ಕೈಗೆತ್ತಿಕೊಳ್ಳಬೇಕು, ಅವು ಕಾಯುವುದಿಲ್ಲ. ಸುರುಳಿಯ ಮೇಲೆ ಬಿಳಿಯ ಬೂಷ್ಟು ಕಂಡರೆ ಟೇಪ್‌ರೆಕಾರ್ಡರಿಗೆ ಹಾಕಲೇಬಾರದು, ಅದನ್ನು ಪ್ರತ್ಯೇಕ ಚೀಲದಲ್ಲಿಟ್ಟು ಬಲ್ಲವರಿಗೆ ತೋರಿಸಬೇಕು. ಚೆನ್ನಾಗಿರುವುದನ್ನು ಮೊದಲು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿಸಿ, ಟೇಪ್‌ರೆಕಾರ್ಡರಿನ ಹೆಡ್ಡನ್ನು ಸ್ವಚ್ಛಗೊಳಿಸಿ, ಕಂಪ್ಯೂಟರಿಗೆ ಜೋಡಿಸಿ ಒಂದೇ ಬಾರಿಗೆ ಪೂರ್ತಿ ಮುದ್ರಿಸಿಕೊಳ್ಳಬೇಕು. ಕ್ಯಾಸೆಟ್ಟಿನ ಮೇಲಿನ ಕೈಬರಹದ ಚೀಟಿಯ ಫೋಟೊ ತೆಗೆದಿಡಬೇಕು, ಎಷ್ಟೋ ಬಾರಿ ದಿನಾಂಕಕ್ಕೆ ಇರುವ ಆಧಾರ ಅದೊಂದೇ. ಗದ್ದಲ ಕಡಿಮೆ ಮಾಡುವ ತಂತ್ರಾಂಶದ ವಿಷಯದಲ್ಲಿ ಕೈ ಬಿಗಿಯಿರಲಿ: ಜುಂಜಪ್ಪನ ಪದಗಳ ಜೊತೆಗೆ ನುಡಿಸುವ ಗಣೆಯ (ಉದ್ದನೆಯ ಕೊಳಲು) ಉಸಿರುಬೆರೆತ ನಾದವನ್ನು ತಂತ್ರಾಂಶವು ಟೇಪಿನ ಸದ್ದೆಂದೇ ಎಣಿಸಿ ಅಳಿಸಿಬಿಡಬಹುದು. ಆ ಸಂಸ್ಕರಣವೆಲ್ಲ ಕೇಳುಗರ ಪ್ರತಿಗೆ ಮಾತ್ರ, ಮೂಲ ಪ್ರತಿಯನ್ನು ಮುಟ್ಟಬಾರದು.

ಹೆಜ್ಜೆ 4: ಸಂಪಾದನೆ

ಇದು ಹೊರಗಿನಿಂದ ಕಾಣುವಷ್ಟು ಕಷ್ಟದ ಕೆಲಸವಲ್ಲ. ಅಡಾಸಿಟಿ ಎಂಬ ಉಚಿತ ಮುಕ್ತ ತಂತ್ರಾಂಶ ಸಾಕು. ಆರಂಭದ ಮತ್ತು ಕೊನೆಯ ಔಪಚಾರಿಕ ಭಾಗಗಳನ್ನು ತೆಗೆದು, ನಡುವಿನ ದೀರ್ಘ ಮೌನಗಳನ್ನು ಕುಗ್ಗಿಸಿ, ಅರ್ಧ ನಿಮಿಷದ ಪೀಠಿಕೆಯನ್ನು ಸೇರಿಸಬೇಕು. ಧ್ವನಿಯ ಒಟ್ಟಾರೆ ಮಟ್ಟವನ್ನು ಒಂದು ವಾಹಿನಿಯ ಕಡತಕ್ಕೆ ಮೈನಸ್ 19 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಗಟ್ಟಿತನದ ಅಳತೆ), ಎರಡು ವಾಹಿನಿಯದಾದರೆ ಮೈನಸ್ 16ಕ್ಕೆ ಹೊಂದಿಸಿದರೆ ಬಸ್ಸಿನಲ್ಲಿ ಕುಳಿತು ಕೇಳುವವರಿಗೂ ಮಾತು ಕೇಳಿಸುತ್ತದೆ. ಕೇಳುಗರಿಗೆ ಕೊಡುವ ಪ್ರತಿಯನ್ನು 64 ಕೆಬಿಪಿಎಸ್ ಏಕವಾಹಿನಿ ಎಂಪಿ3 ಆಗಿ ಮಾಡಿದರೆ ಒಂದು ಗಂಟೆಯ ಉಪನ್ಯಾಸ ಸುಮಾರು 29 ಎಂಬಿಯಲ್ಲಿ ಮುಗಿಯುತ್ತದೆ. ಸಂಗೀತವಿದ್ದರೆ ಮಾತ್ರ ಇದನ್ನು ದುಪ್ಪಟ್ಟು ಮಾಡಬಹುದು.

ಉಪನ್ಯಾಸಕರ ಮಾತಿನ ಕ್ರಮವನ್ನು ಬದಲಿಸುವುದಾಗಲಿ, ವಾಕ್ಯವೊಂದರ ನಡುವೆ ಕತ್ತರಿ ಹಾಕುವುದಾಗಲಿ ಗ್ರಂಥಾಲಯದ ಕೆಲಸವಲ್ಲ. ಅವರು ತಪ್ಪಾಗಿ ಹೇಳಿದ ಇಸವಿಯೊಂದಿದ್ದರೆ ವಿವರಣೆಯಲ್ಲಿ ತಿದ್ದುಪಡಿ ಬರೆಯಬೇಕು, ಧ್ವನಿಯಲ್ಲಿ ಅಲ್ಲ.

ಹೆಜ್ಜೆ 5: ದಾಖಲೆ ಮತ್ತು ವಿವರಣೆ

ಗ್ರಂಥಪಾಲಕರ ವಿದ್ಯೆ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ಧ್ವನಿಗಾಗಿ ಪ್ರತ್ಯೇಕ ಪರಿಗ್ರಹಣ ವಹಿಯೊಂದನ್ನು ತೆರೆದು, ಪ್ರತಿ ಮುದ್ರಣಕ್ಕೂ ಕ್ರಮಸಂಖ್ಯೆ ಕೊಟ್ಟು, ಅದೇ ಸಂಖ್ಯೆಯನ್ನು ಕಡತದ ಹೆಸರಿನಲ್ಲೂ ಒಪ್ಪಿಗೆ ಪತ್ರದ ಮೂಲೆಯಲ್ಲೂ ಬರೆಯಬೇಕು. ಮಾತನಾಡಿದವರು, ದಿನಾಂಕ, ಸ್ಥಳ, ಸಂದರ್ಭ, ಅವಧಿ, ಮುದ್ರಿಸಿದವರು, ಹಕ್ಕಿನ ಸ್ಥಿತಿ, ಪ್ರಸ್ತಾಪವಾದ ಪುಸ್ತಕಗಳು ಮತ್ತು ಅವುಗಳ ವರ್ಗೀಕರಣ ಸಂಖ್ಯೆ, ಇಷ್ಟು ಅಂಕಣಗಳಿದ್ದರೆ ಸಾಕು.

ಸ್ಥಳನಾಮಗಳ ವಿಷಯದಲ್ಲಿ ನಮ್ಮ ಭಾಗಕ್ಕೆ ವಿಶೇಷ ತೊಡಕೊಂದಿದೆ. ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರಲ್ಲಿ; ಅದಕ್ಕೆ ಮೊದಲು ದಾವಣಗೆರೆ, ಹರಿಹರ ಮತ್ತು ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು, ಹೊನ್ನಾಳಿ ಮತ್ತು ಚನ್ನಗಿರಿ ಶಿವಮೊಗ್ಗದಿಂದ ಬಂದವು, ಬಳ್ಳಾರಿಯಿಂದ ಬಂದ ಹರಪನಹಳ್ಳಿ 2018ರಲ್ಲಿ ಹಿಂದಿರುಗಿತು. 1980ರ ಉಪನ್ಯಾಸವೊಂದರಲ್ಲಿ 'ನಮ್ಮ ಜಿಲ್ಲೆ' ಎಂದರೆ ಯಾವುದು ಎಂಬುದನ್ನು ವಿವರಣೆಯಲ್ಲಿ ಹೇಳದಿದ್ದರೆ ಇಂದಿನ ಓದುಗ ದಾರಿತಪ್ಪುತ್ತಾನೆ. ಹಾಗೆಯೇ ಹಿರಿಯೂರಿನ ಜಲಾಶಯವನ್ನು ಒಬ್ಬರು ವಾಣಿವಿಲಾಸ ಸಾಗರ ಎಂದರೆ ಇನ್ನೊಬ್ಬರು ಮಾರಿಕಣಿವೆ ಎನ್ನುತ್ತಾರೆ, ಚನ್ನಗಿರಿಯ ಕೆರೆ ಕೆಲವರಿಗೆ ಶಾಂತಿಸಾಗರ, ಹಲವರಿಗೆ ಸೂಳೆಕೆರೆ. 1933ರಲ್ಲಿ ಕೋಡಿ ಬಿದ್ದ ಹಿರಿಯೂರಿನ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂಬ ವಿಷಯದ ಕಂತನ್ನು ಹುಡುಕುವವರು ಯಾವ ಹೆಸರು ಹಾಕಿ ಹುಡುಕುತ್ತಾರೋ ಹೇಳಲಾಗದು. ಎಲ್ಲ ಹೆಸರುಗಳನ್ನೂ ವಿವರಣೆಯಲ್ಲಿ ಸೇರಿಸಬೇಕು.

ವಿವರಣೆಯನ್ನು ಯೂನಿಕೋಡ್‌ನಲ್ಲೇ ಬರೆಯಬೇಕೆಂಬುದು ಕಡ್ಡಾಯ. ಕಚೇರಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಹಳೆಯ ಆಸ್ಕಿ ಮಾದರಿಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಪಠ್ಯ ಅಂತರ್ಜಾಲದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ಹುಡುಕಾಟಕ್ಕೂ ಸಿಗುವುದಿಲ್ಲ. ಶೀರ್ಷಿಕೆ ವಿಷಯವನ್ನು ಹೇಳಬೇಕು. 'ಕಂತು 7: ವಿಶೇಷ ಉಪನ್ಯಾಸ' ಎಂಬುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ, 'ಬ್ರಹ್ಮಗಿರಿಯ ಅಶೋಕ ಶಾಸನವನ್ನು ಓದುವುದು ಹೇಗೆ' ಎಂದರೆ ಬೇಕಾದವರು ನಿಲ್ಲುತ್ತಾರೆ. ವಿಷಯ ಬದಲಾಗುವ ನಿಮಿಷಗಳನ್ನು ಕೆಳಗೆ ನಮೂದಿಸಿದರೆ ಗಂಟೆಯ ಉಪನ್ಯಾಸದಲ್ಲಿ ತಮಗೆ ಬೇಕಾದ ಭಾಗಕ್ಕೆ ನೇರವಾಗಿ ಹೋಗಬಹುದು. ಲಿಖಿತ ಪಾಠ ಸಿದ್ಧಪಡಿಸುವುದು ಶ್ರಮದ ಕೆಲಸ. ಮಾತನ್ನು ಅಕ್ಷರಕ್ಕಿಳಿಸುವ ತಂತ್ರಾಂಶಗಳು ಕನ್ನಡಕ್ಕೂ ಬಂದಿವೆಯಾದರೂ ಚಳ್ಳಕೆರೆ ಸೀಮೆಯ ಆಡುಮಾತು, ಶಾಸನಗಳ ಪದ, ಊರುಗಳ ಹೆಸರು ಬಂದಲ್ಲಿ ಅವು ಎಡವುತ್ತವೆ. ಕನ್ನಡ ಬಲ್ಲ ಒಬ್ಬರು ಕುಳಿತು ತಿದ್ದಲೇಬೇಕು. ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಇದನ್ನು ಸಣ್ಣ ಯೋಜನೆಯಾಗಿ ಕೊಡುವಂತೆ ಹತ್ತಿರದ ಕಾಲೇಜನ್ನು ಕೇಳಬಹುದು.

ಹೆಜ್ಜೆ 6: ಬಿಡುಗಡೆ

ಪಾಡ್‌ಕಾಸ್ಟ್‌ನ ಜೀವಾಳ ಅದರ ಫೀಡ್. ಪ್ರತಿ ಕಂತಿನ ಶೀರ್ಷಿಕೆ, ದಿನಾಂಕ, ವಿವರಣೆ ಮತ್ತು ಧ್ವನಿಕಡತದ ವಿಳಾಸವಿರುವ ಪಟ್ಟಿ ಅದು. ಕೇಳುಗರ ಮೊಬೈಲ್‌ನಲ್ಲಿರುವ ಆ್ಯಪ್‌ಗಳು ಅದನ್ನು ಓದಿ ಹೊಸ ಕಂತನ್ನು ತೋರಿಸುತ್ತವೆ. ಈ ಫೀಡ್‌ನ ವಿಳಾಸ ಗ್ರಂಥಾಲಯದ ಹತೋಟಿಯಲ್ಲಿರಬೇಕು. ಗೂಗಲ್ ಪಾಡ್‌ಕಾಸ್ಟ್ಸ್ ಎಂಬ ಆ್ಯಪ್ 2024ರಲ್ಲಿ ಮುಚ್ಚಿತು, ಆದರೆ ಅದರ ಮೂಲಕ ಕೇಳುತ್ತಿದ್ದ ಸರಣಿಗಳು ಸಾಯಲಿಲ್ಲ. ಫೀಡ್ ಬೇರೆಡೆ ಇದ್ದುದರಿಂದ ಕೇಳುಗರು ಇನ್ನೊಂದು ಆ್ಯಪ್‌ಗೆ ಹೋದರು. ಒಂದೇ ಕಂಪನಿಯ ಖಾತೆಯಲ್ಲಿ ಎಲ್ಲವನ್ನೂ ಇಟ್ಟವರಿಗೆ ಆ ನಿಶ್ಚಿಂತೆ ಇರುವುದಿಲ್ಲ.

ಧ್ವನಿಕಡತಗಳನ್ನು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಇಡಬಹುದು. 2024ರ ಅಕ್ಟೋಬರ್‌ನಲ್ಲಿ ದಾಳಿಗೊಳಗಾಗಿ ಆ ತಾಣವೂ ಕೆಲವು ದಿನ ಸ್ಥಗಿತವಾಗಿತ್ತು, ಆದ್ದರಿಂದ ಅಲ್ಲಿಟ್ಟದ್ದೇ ಏಕೈಕ ಪ್ರತಿಯಾಗಬಾರದು. ಗ್ರಂಥಾಲಯಕ್ಕೆ ಸ್ವಂತ ಜಾಲತಾಣವಿದ್ದರೆ ಫೀಡನ್ನು ಅಲ್ಲಿಯೇ ನಿರ್ಮಿಸಬಹುದು. ಇಲ್ಲವಾದರೆ ಮುಂದೆ ಬೇರೆಡೆಗೆ ಸ್ಥಳಾಂತರಿಸಲು ಅವಕಾಶ ಕೊಡುವ ಸೇವೆಯನ್ನು ಆರಿಸಬೇಕು. ಮುಖಚಿತ್ರ ಚೌಕಾಕಾರವಾಗಿ, ಕನಿಷ್ಠ 1400, ಸಾಧ್ಯವಾದರೆ 3000 ಪಿಕ್ಸೆಲ್ ಅಳತೆಯಲ್ಲಿರಲಿ. ಭಾಷೆ ಎಂಬಲ್ಲಿ ಕನ್ನಡವನ್ನೇ ಆರಿಸಬೇಕು. ಇದನ್ನು ಇಂಗ್ಲಿಷ್ ಎಂದೇ ಬಿಟ್ಟಿರುವ ಕನ್ನಡ ಸರಣಿಗಳು ಕನ್ನಡದ ಪಟ್ಟಿಯಲ್ಲಿ ಕಾಣಿಸಿಕೊಳ್ಳದೆ ಹೋಗುತ್ತವೆ. ಯೂಟ್ಯೂಬಿನಲ್ಲೂ ಒಂದೇ ಸ್ಥಿರಚಿತ್ರದೊಂದಿಗೆ ಕಂತನ್ನು ಹಾಕುವುದು ಅಗತ್ಯ, ಏಕೆಂದರೆ ನಮ್ಮಲ್ಲಿ ಬಹಳ ಜನ ಏನನ್ನಾದರೂ ಕೇಳಬೇಕೆಂದರೆ ಮೊದಲು ಹೋಗುವುದು ಅಲ್ಲಿಗೇ.

ಹೆಜ್ಜೆ 7: ಕೇಳುಗರಿಗೆ ಮುಟ್ಟಿಸುವುದು

ಆ್ಯಪ್‌ನಲ್ಲಿ ಚಂದಾದಾರರಾಗಿ ಎಂದು ಹೇಳಿ ಸುಮ್ಮನಾದರೆ ನಗರದ ಒಂದಷ್ಟು ಜನ ಮಾತ್ರ ಕೇಳುತ್ತಾರೆ. ಕಂತಿನ ಕೊಂಡಿಯ ಜೊತೆಗೆ ಐದಾರು ನಿಮಿಷದ ಆಯ್ದ ಭಾಗವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳುಹಿಸಬೇಕು. 64 ಕೆಬಿಪಿಎಸ್ ಲೆಕ್ಕದಲ್ಲಿ ಅದು ಮೂರು ಎಂಬಿಯನ್ನೂ ಮೀರುವುದಿಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿ ನಡೆಯುತ್ತಿವೆ. ಅಲ್ಲಿನ ಮೇಲ್ವಿಚಾರಕರಿಗೆ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟು, ತಿಂಗಳಿಗೊಂದು ಸಂಜೆ ಸ್ಪೀಕರಿನಲ್ಲಿ ಒಟ್ಟಿಗೆ ಕೇಳುವ ಏರ್ಪಾಡು ಮಾಡಿದರೆ ಕೀಪ್ಯಾಡ್ ಫೋನ್ ಇರುವ ಹಿರಿಯರೂ ಬರುತ್ತಾರೆ. ಗಿರಣಿಯಲ್ಲಿ ದುಡಿದು ನಿವೃತ್ತರಾದವರ ನೆನಪುಗಳ ಕಂತನ್ನು ಅವರ ಬಡಾವಣೆಯ ಶಾಖಾ ಗ್ರಂಥಾಲಯದಲ್ಲೇ ಮೊದಲು ಕೇಳಿಸುವುದು ಉಚಿತ. 'ಅದು ಹಾಗಲ್ಲ, ನಾನು ಹೇಳ್ತೀನಿ ಕೇಳಿ' ಎಂದು ಎದ್ದು ನಿಲ್ಲುವವರೇ ಮುಂದಿನ ಕಂತಿನ ಅತಿಥಿ. ಚಿತ್ರದುರ್ಗ ಮತ್ತು ಭದ್ರಾವತಿ ಆಕಾಶವಾಣಿ ಕೇಂದ್ರಗಳಿಗೆ ಪಟ್ಟಿಯನ್ನು ಕಳುಹಿಸಿ, ಪ್ರಸಾರಯೋಗ್ಯವೆನಿಸಿದ್ದನ್ನು ಬಳಸಿಕೊಳ್ಳುವಂತೆ ಕೋರಬಹುದು. ಒಪ್ಪಿಗೆ ಪತ್ರದಲ್ಲಿ ಆಕಾಶವಾಣಿಯ ಹೆಸರನ್ನು ಸೇರಿಸಿದ್ದು ಇದಕ್ಕಾಗಿಯೇ.

ಗ್ರಂಥಾಲಯದ ಒಳಗೂ ಕೆಲಸವಿದೆ. ಕಂತಿನಲ್ಲಿ ಪ್ರಸ್ತಾಪವಾದ ಪುಸ್ತಕಗಳನ್ನು ಒಂದು ತಿಂಗಳು ಪ್ರತ್ಯೇಕ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಕ್ಯೂಆರ್ ಕೋಡ್ ಅಂಟಿಸಬೇಕು. ದೃಷ್ಟಿದೋಷವುಳ್ಳ ಓದುಗರಿಗೆ ಈ ಸರಣಿ ವಿಶೇಷ ಉಪಯೋಗದ್ದು. 2012ರ ತಿದ್ದುಪಡಿಯ ನಂತರ ಅಂಗವಿಕಲರಿಗಾಗಿ ಕೃತಿಸ್ವಾಮ್ಯವಿರುವ ಪುಸ್ತಕವನ್ನೂ ಲಾಭದ ಉದ್ದೇಶವಿಲ್ಲದೆ ಧ್ವನಿರೂಪಕ್ಕೆ ತರಲು ಕಾಯ್ದೆ ಅವಕಾಶ ಕೊಟ್ಟಿದೆ. ಆ ಮುದ್ರಣಗಳು ಅವರಿಗೆ ಮಾತ್ರ ತಲುಪಬೇಕಾದ್ದರಿಂದ ಎಲ್ಲರಿಗೂ ತೆರೆದಿರುವ ಪಾಡ್‌ಕಾಸ್ಟ್‌ನಲ್ಲಿ ಅವನ್ನು ಸೇರಿಸುವಂತಿಲ್ಲ. ಬೇರೆ ಡಬ್ಬಿ, ಬೇರೆ ವಹಿ ಇರಬೇಕು.

ಡೌನ್‌ಲೋಡ್ ಸಂಖ್ಯೆಯನ್ನು ವರದಿಯಲ್ಲಿ ಬರೆಯಬೇಕಾಗುತ್ತದೆ, ಬರೆಯಲಿ. ಆದರೆ ಒಂದು ಡೌನ್‌ಲೋಡ್ ಎಂದರೆ ಒಬ್ಬರು ಪೂರ್ತಿ ಕೇಳಿದರು ಎಂದಲ್ಲ, ಅರಿವು ಕೇಂದ್ರದಲ್ಲಿ ಕುಳಿತು ಕೇಳಿದವರು ಆ ಲೆಕ್ಕಕ್ಕೆ ಬರುವುದೂ ಇಲ್ಲ. ಕಂತು ಬಂದ ತಿಂಗಳಲ್ಲಿ ಆ ಮೇಜಿನ ಪುಸ್ತಕಗಳು ಎಷ್ಟು ಬಾರಿ ಎರವಲು ಹೋದವು ಎಂಬುದನ್ನು ವಿತರಣಾ ವಹಿಯಿಂದ ತೆಗೆದು ಪಕ್ಕದಲ್ಲಿ ಬರೆದರೆ ಸಮಿತಿಗೂ ಅರ್ಥವಾಗುವ ಲೆಕ್ಕ ಸಿಗುತ್ತದೆ.

ಹೆಜ್ಜೆ 8: ಕಾಪಾಡುವುದು ಮತ್ತು ಹಸ್ತಾಂತರ

ಮೂಲ ವೇವ್ ಕಡತಗಳ ಮೂರು ಪ್ರತಿಗಳಿರಬೇಕು: ಒಂದು ಗ್ರಂಥಾಲಯದ ಕಂಪ್ಯೂಟರಿನಲ್ಲಿ, ಒಂದು ಪ್ರತ್ಯೇಕ ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಊರಿನ ಕಟ್ಟಡದಲ್ಲಿ. ದಾವಣಗೆರೆಯ ಪ್ರತಿ ಚಿತ್ರದುರ್ಗದಲ್ಲೂ ಚಿತ್ರದುರ್ಗದ್ದು ದಾವಣಗೆರೆಯಲ್ಲೂ ಇರುವಂತೆ ಎರಡು ಗ್ರಂಥಾಲಯಗಳು ಮಾತಾಡಿಕೊಂಡರೆ ಖರ್ಚಿಲ್ಲದೆ ಕೆಲಸವಾಗುತ್ತದೆ. ವರ್ಷಕ್ಕೊಮ್ಮೆ, ಪುಸ್ತಕಗಳ ದಾಸ್ತಾನು ತಪಾಸಣೆಯ ಜೊತೆಗೇ, ಕಡತಗಳನ್ನು ತೆರೆದು ನೋಡಬೇಕು.

ಖಾತೆಗಳನ್ನು ಯಾರದೇ ವೈಯಕ್ತಿಕ ಇಮೇಲ್ ಮತ್ತು ಮೊಬೈಲ್ ಸಂಖ್ಯೆಯಲ್ಲಿ ತೆರೆಯಬಾರದು. ಉತ್ಸಾಹದಿಂದ ಆರಂಭಿಸಿದ ಗ್ರಂಥಪಾಲಕರಿಗೆ ವರ್ಗಾವಣೆಯಾದ ದಿನವೇ ಸರಣಿ ಅನಾಥವಾಗುವುದು ಈ ಕಾರಣದಿಂದ. ಕಚೇರಿಯ ಇಮೇಲ್ ಬಳಸಿ, ಪಾಸ್‌ವರ್ಡ್‌ಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕಪಾಟಿನೊಳಗಿಟ್ಟು, ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಬೀರುವಿನ ಕೀಲಿ, ನಗದು ವಹಿ, ಪರಿಗ್ರಹಣ ವಹಿಗಳ ಕೆಳಗೆ ಧ್ವನಿ ವಹಿ, ಹಾರ್ಡ್‌ಡಿಸ್ಕ್, ಒಪ್ಪಿಗೆ ಪತ್ರಗಳ ಕಡತ ಮತ್ತು ಫೀಡ್‌ನ ವಿಳಾಸವನ್ನೂ ಒಂದೊಂದು ಸಾಲಾಗಿ ಸೇರಿಸಿ ಇಬ್ಬರೂ ಸಹಿ ಹಾಕಬೇಕು.